ನಾರ್ಮನ್‌ಗೆ ಬನ್ನಿ, ಆದರೆ ಸಹಿ ಹಾಕುವ ಮೊದಲು ಇಷ್ಟು ಕೇಳಿಕೊಳ್ಳಿ

ನಿಮ್ಮ ಪ್ರಶ್ನೆ ಓದಿದೆ. ಸಂವಹನದಲ್ಲಿ ಪಿಎಚ್‌ಡಿ ಆಗಿದೆ, ಹವಾಮಾನಶಾಸ್ತ್ರ ಓದಿಲ್ಲ, ಅಮೆರಿಕದ ಓಕ್ಲಹೋಮಾ ರಾಜ್ಯದ ನಾರ್ಮನ್‌ನಲ್ಲಿ ಸುಂಟರಗಾಳಿ ಎಚ್ಚರಿಕೆಗಳ ಬಗ್ಗೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಸಿಕ್ಕಿದೆ, ಗಂಡನನ್ನೂ ಮಗಳನ್ನೂ ಕರೆದುಕೊಂಡು ಬರಬಹುದಾ ಅಂತ ಕೇಳಿದ್ದೀರಿ. ಬನ್ನಿ. ನಾನು ಇಲ್ಲೇ ನೆಲೆಸಿ ಇದೇ ಕೆಲಸ ಮಾಡುತ್ತಿರುವವಳು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಹವಾಮಾನಶಾಸ್ತ್ರ ಗೊತ್ತಿಲ್ಲ ಅನ್ನುವ ಅಳುಕು ಮೊದಲು ಬಿಡಿ. ರೇಡಾರ್ ಓದುವವರಿಗೆ ಈ ಊರಲ್ಲಿ ಬರವಿಲ್ಲ. ನ್ಯಾಷನಲ್ ವೆದರ್ ಸೆಂಟರ್ ಅನ್ನುವ ಒಂದೇ ಕಟ್ಟಡದಲ್ಲಿ ವಿಶ್ವವಿದ್ಯಾಲಯದ ಹವಾಮಾನ ವಿಭಾಗ, ತೀವ್ರ ಬಿರುಗಾಳಿಗಳ ಸಂಶೋಧನೆ ಮಾಡುವ ನ್ಯಾಷನಲ್ ಸಿವಿಯರ್ ಸ್ಟಾರ್ಮ್ಸ್ ಲ್ಯಾಬೊರೇಟರಿ, ಇಡೀ ದೇಶದ ಬಿರುಗಾಳಿಗಳ ಮೇಲೆ ಕಣ್ಣಿಟ್ಟಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಎಲ್ಲವೂ ಇವೆ. ಎಚ್ಚರಿಕೆ ಕಿವಿಗೆ ಬಿದ್ದ ಮೇಲೆ ಜನ ಏನು ಮಾಡುತ್ತಾರೆ ಅಂತ ಅವರ ಹತ್ತಿರವೇ ಕೂತು ಕೇಳುವವರು ಮಾತ್ರ ಕಡಿಮೆ. 2011ರ ಮೇನಲ್ಲಿ ಮಿಸೌರಿಯ ಜಾಪ್ಲಿನ್‌ನಲ್ಲಿ ಸುಂಟರಗಾಳಿಗೆ ಸಿಕ್ಕಿ 150ಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ಮೊದಲೇ ಹೋಗಿತ್ತು, ಸೈರನ್ ಕೂಡ ಕೂಗಿತ್ತು. ಆದರೆ ಆ ಸೈರನ್ ಕೂಗಿ ಏನೂ ಆಗದೇ ಇರುವುದು ಜನಕ್ಕೆ ರೂಢಿಯಾಗಿಬಿಟ್ಟಿತ್ತು; ಬಹಳ ಮಂದಿ ಹೊರಗೆ ಬಂದು ಆಕಾಶ ನೋಡಿದರು, ಟಿವಿ ಹಾಕಿದರು, ಇನ್ನೊಂದು ಕಡೆಯಿಂದ ಖಾತ್ರಿಯಾಗಲಿ ಅಂತ ಕಾದರು. ಎರಡು ವರ್ಷದ ನಂತರ, 2013ರ ಮೇ 31ರಂದು, ಇಲ್ಲಿಗೆ ಹತ್ತಿರದ ಎಲ್ ರೀನೊದಲ್ಲಿ ಇದರ ಉಲ್ಟಾ ಆಯಿತು. 11 ದಿನದ ಹಿಂದಷ್ಟೇ ಮೂರ್ ಅನ್ನುವ ಪಟ್ಟಣದಲ್ಲಿ ಸುಂಟರಗಾಳಿಗೆ 24 ಜನ ಸತ್ತಿದ್ದರು, ಶಾಲೆಯಲ್ಲಿದ್ದ 7 ಮಕ್ಕಳೂ ಸೇರಿ. ಆ ಭಯದಲ್ಲೇ ಇದ್ದ ಜನ ಮನೆ ಬಿಟ್ಟು ಕಾರು ಹತ್ತಿದರು, ಹೆದ್ದಾರಿ ಜಾಮ್ ಆಯಿತು. ಆ ದಿನ ಎಲ್ ರೀನೊ ಸುಂಟರಗಾಳಿಗೆ ಸಿಕ್ಕಿ ಸತ್ತವರೆಲ್ಲ ವಾಹನಗಳಲ್ಲಿ ಇದ್ದವರೇ. ಒಂದು ಕಡೆ ಕದಲಲಿಲ್ಲ, ಇನ್ನೊಂದು ಕಡೆ ಕದಲಬಾರದ ಹಾಗೆ ಕದಲಿದರು. ಇದಕ್ಕೆ ಉತ್ತರ ರೇಡಾರ್‌ನಲ್ಲಿ ಸಿಗಲ್ಲ, ಅಲ್ವಾ? ನಿಮ್ಮಂಥವರು ಬೇಕಾಗಿರುವುದು ಇಲ್ಲೇ.

ಈ ದೇಶದಲ್ಲಿ ಸುಂಟರಗಾಳಿಗೆ ಸಿಕ್ಕಿ ಸಾಯುವವರಲ್ಲಿ ಸುಮಾರು ಅರ್ಧದಷ್ಟು ಜನ ಮೊಬೈಲ್ ಹೋಮ್‌ಗಳಲ್ಲಿ, ಅಂದರೆ ಕಾರ್ಖಾನೆಯಲ್ಲಿ ಮಾಡಿ ತಂದಿಡುವ ಹಗುರ ಮನೆಗಳಲ್ಲಿ, ಇರುವವರು. ಅಂಥ ಮನೆಯೊಂದಕ್ಕೆ ಸಂದರ್ಶನಕ್ಕೆ ಹೋಗಿದ್ದೆ. ಅಲ್ಲಿದ್ದ ಅಜ್ಜಿ ಫೋನಿನಲ್ಲಿ ಉಳಿಸಿಕೊಂಡಿದ್ದ ಹಳೇ ಎಚ್ಚರಿಕೆ ತೆರೆದು ನನ್ನ ಮುಂದೆ ಹಿಡಿದರು. ಗಟ್ಟಿ ಕಟ್ಟಡಕ್ಕೆ ಹೋಗಿ ಅಂತ ಅದರಲ್ಲಿತ್ತು. "ಕಾರು ಮಗನ ಹತ್ತಿರ ಇರುತ್ತೆ, ಅವನದು ರಾತ್ರಿ ಪಾಳಿ. ಯಾವ ಕಟ್ಟಡಕ್ಕೆ ಹೋಗಲಿ, ಹೇಗೆ ಹೋಗಲಿ, ನೀನೇ ಹೇಳು" ಅಂದರು. ಎಚ್ಚರಿಕೆ ಬಂದ ಮೇಲೆ ಕೈಯಲ್ಲಿ ಉಳಿಯುವುದು ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸು. ಅಷ್ಟರಲ್ಲಿ ಅವರಿಂದ ಏನು ಸಾಧ್ಯವೋ ಅದನ್ನೇ ಹೇಳುವ ಎಚ್ಚರಿಕೆ ಬರೆಯಬೇಕು. ನನಗೆ ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಇನ್ನು ವ್ಯವಹಾರ. ಪೋಸ್ಟ್‌ಡಾಕ್ ಸಂಬಳ ಬರುವುದು ಯಾವುದೋ ಪ್ರಾಜೆಕ್ಟಿನ ಹಣದಿಂದ, ಅದು ಹೆಚ್ಚಾಗಿ ಕೇಂದ್ರ ಸರ್ಕಾರದ್ದು. ಈಗ ಅದನ್ನು ಮೊದಲಿನ ಹಾಗೆ ನೆಚ್ಚಿಕೊಳ್ಳುವ ಹಾಗಿಲ್ಲ. ಹಣ ಎಷ್ಟು ವರ್ಷಕ್ಕೆ ಮಂಜೂರಾಗಿದೆ ಅಂತ ಸಂಕೋಚ ಪಡದೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ವೀಸಾ ಬಹುಶಃ ಜೆ-1 (ವಿನಿಮಯ ಕಾರ್ಯಕ್ರಮದಲ್ಲಿ ಬರುವವರ ವೀಸಾ) ಕೊಡುತ್ತಾರೆ, ಯಾಕಂದ್ರೆ 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಹೊಸದಾಗಿ ಬರುವವರ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ 1,00,000 ಡಾಲರ್ ಶುಲ್ಕ ಹಾಕಿದರು. ಜೆ-1ರಲ್ಲಿ ನಿಮ್ಮ ಗಂಡ ಇಲ್ಲಿಗೆ ಬಂದ ಮೇಲೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು, ಆದರೆ ಅದು ಕೈಗೆ ಬರೋಕೆ ತಿಂಗಳುಗಳು ಹಿಡಿಯುತ್ತೆ. ಅಲ್ಲಿಯವರೆಗೆ ಒಂದೇ ಸಂಬಳ ಅಂತಲೇ ಲೆಕ್ಕ ಹಾಕಿಕೊಳ್ಳಿ. ಡಿಎಸ್-2019 (ಜೆ-1ಕ್ಕೆ ವಿಶ್ವವಿದ್ಯಾಲಯ ಕೊಡುವ ಪತ್ರ) ಮತ್ತು ವೀಸಾ ಎರಡನ್ನೂ ಗಮನವಿಟ್ಟು ಓದಿ: ಇಲ್ಲಿನ ಕೆಲಸ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು ಅನ್ನುವ ಷರತ್ತು ನಿಮಗೆ ಬೀಳುತ್ತಾ ಅಂತ ನೋಡಿ. ಬಿದ್ದರೆ ಇಲ್ಲೇ ಎಚ್-1ಬಿಗೋ ಗ್ರೀನ್ ಕಾರ್ಡಿಗೋ ಹೋಗುವ ದಾರಿ ಕಷ್ಟವಾಗುತ್ತೆ.

ಮನೆ ಹುಡುಕುವಾಗ ಅಡುಗೆಮನೆಗಿಂತ ಮೊದಲು ಸುಂಟರಗಾಳಿ ಬಂದರೆ ಎಲ್ಲಿ ಅಡಗಬೇಕು ಅಂತ ಕೇಳಿ. ಇಲ್ಲಿ ನೆಲಮಾಳಿಗೆ ಇರುವ ಮನೆ ಅಪರೂಪ. ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮಹಡಿಯದ್ದೇ ತಗೊಳ್ಳಿ, ಕಿಟಕಿಯಿಲ್ಲದ ಬಚ್ಚಲುಮನೆ ಇದ್ದರೆ ಒಳ್ಳೆಯದು. ಕಾರಿಲ್ಲದೆ ಇಲ್ಲಿ ದಿನ ಸಾಗುವುದು ಕಷ್ಟ. ಕಾರಿನ ವಿಮೆಯಲ್ಲಿ ಆಲಿಕಲ್ಲು ಸೇರಿದೆಯಾ ಅಂತ ನೋಡಿ. ಶನಿವಾರ ಮಧ್ಯಾಹ್ನ 12ಕ್ಕೆ ಸೈರನ್ ಕೂಗಿದರೆ ಗಾಬರಿಯಾಗಬೇಡಿ, ಅದು ವಾರದ ಪರೀಕ್ಷೆ. ಮಗಳಿಗೂ ಮೊದಲೇ ಹೇಳಿಡಿ.

ಬರುವ ತಿಂಗಳು ನಿಮ್ಮ ಕೈಯಲ್ಲಿದ್ದರೆ ಆಗಸ್ಟ್ ಆರಿಸಿ. ಶಾಲೆ ಆಗ ಶುರುವಾಗುತ್ತೆ. ಮುಂದಿನ ಏಪ್ರಿಲ್-ಮೇ ಹೊತ್ತಿಗೆ, ಅಂದರೆ ಇಲ್ಲಿ ಸುಂಟರಗಾಳಿ ಜಾಸ್ತಿ ಇರುವ ತಿಂಗಳುಗಳಲ್ಲಿ, ನಿಮಗೆ ಮನೆಯೂ ಊರೂ ಪರಿಚಯವಾಗಿರುತ್ತೆ, ಕೆಲಸದ ಕಡೆಗೆ ಪೂರ್ತಿ ಗಮನ ಕೊಡಬಹುದು.