ಜಗಲಿಯ ಎಲ್‌ಇಡಿ ದೀಪವನ್ನು ಬಿಳಿಯಿಂದ ಹಳದಿಗೆ ಬದಲಾಯಿಸಬಹುದೇ?

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿ ಕಡೆಯ ಮನೆ, ಮಳೆ ಶುರುವಾದರೆ ದೀಪದ ಸುತ್ತ ಹುಳವೋ ಹುಳ. ಇರುವ ಎಲ್‌ಇಡಿಯ ತರಂಗಾಂತರವನ್ನೇ, ಅಂದರೆ ಬೆಳಕಿನ ಬಣ್ಣವನ್ನೇ, ಬದಲಾಯಿಸೋಕೆ ಆಗುತ್ತಾ?

ಆಗಲ್ಲ. ಯಾವ ಬಣ್ಣ ಅನ್ನೋದು ದೀಪದೊಳಗಿನ ಚಿಪ್ಪಿನ ಅರೆವಾಹಕದಲ್ಲೇ (ಸೆಮಿಕಂಡಕ್ಟರ್) ತೀರ್ಮಾನವಾಗಿರುತ್ತದೆ. ಡಿಮ್ಮರ್ ಹಾಕಿದರೆ ಬೆಳಕು ತಗ್ಗುತ್ತದೆ, ಅಷ್ಟೆ. ಬಿಳಿ ಎಲ್‌ಇಡಿ ಅಂದರೆ ಸುಮಾರು 450 ನ್ಯಾನೋಮೀಟರಿನ ನೀಲಿ ಚಿಪ್, ಅದರ ಮೇಲೆ ನೀಲಿ ಬೆಳಕಿನ ಒಂದಷ್ಟು ಪಾಲನ್ನು ಹಳದಿಯಾಗಿಸುವ ಫಾಸ್ಫರ್ ಲೇಪ. ಹುಳಗಳನ್ನು ಜಾಸ್ತಿ ಸೆಳೆಯೋದು ಆ ನೀಲಿಯೇ.

ಹಾಗಾಗಿ ಎರಡು ಸ್ಟ್ರಿಪ್ (ಎಲ್‌ಇಡಿ ಪಟ್ಟಿ) ಬೇಕು: ಒಂದು ಬಿಳಿ, ಇನ್ನೊಂದು 590 ನ್ಯಾನೋಮೀಟರಿನ ಆಂಬರ್, ಅಂದರೆ ಕಿತ್ತಳೆ ಛಾಯೆಯ ಹಳದಿ. ಎರಡೂ 12 ವೋಲ್ಟಿನವು. ಅಡಾಪ್ಟರಿನ ಪ್ಲಸ್ಸನ್ನು ಟೂ-ವೇ ಸ್ವಿಚ್ಚಿನ ನಡುವಿನ ಟರ್ಮಿನಲ್‌ಗೆ ಕೊಡಿ. ಮೇಲಿನ ಟರ್ಮಿನಲ್‌ನಿಂದ ಬಿಳಿಗೆ, ಕೆಳಗಿನದರಿಂದ ಆಂಬರ್‌ಗೆ. ಮೈನಸ್ ಎರಡಕ್ಕೂ ಒಂದೇ. ನೆಂಟರು ಬಂದರೆ ಬಿಳಿ, ಉಳಿದ ಹೊತ್ತು ಆಂಬರ್.

ಆರ್‌ಜಿಬಿ ಸ್ಟ್ರಿಪ್ (ಕೆಂಪು, ಹಸಿರು, ನೀಲಿ ಮೂರೂ ಇರುವುದು) ಸಾಕಲ್ವಾ ಅಂತ ಕೇಳಬಹುದು. ಅದರಲ್ಲಿ ನೀಲಿಯನ್ನು ಆಫ್ ಮಾಡಿ ಕೆಂಪು, ಹಸಿರು ಉರಿಸಿದರೆ ನಮ್ಮ ಕಣ್ಣಿಗೆ ಹಳದಿಯೇ. ಆದರೆ ಹಸಿರು ಅಲ್ಲೇ ಇದೆ, ಹುಳಕ್ಕೆ ಅದು ಚೆನ್ನಾಗಿ ಕಾಣುತ್ತದೆ. ಆಂಬರ್ ಚಿಪ್ಪೇ ವಾಸಿ. ಅದಕ್ಕೂ ಹುಳ ಪೂರ್ತಿ ನಿಲ್ಲಲ್ಲ, ಕಡಿಮೆಯಾಗುತ್ತದೆ.

ಹೊತ್ತಿಗೆ ಸರಿಯಾಗಿ ತಾನೇ ಬದಲಾಗಬೇಕಿದ್ದರೆ ಒಂದು ಇಎಸ್‌ಪಿ32 (ಪ್ರೋಗ್ರಾಂ ಮಾಡಬಹುದಾದ ಪುಟ್ಟ ನಿಯಂತ್ರಕ), ಪ್ರತಿ ಸ್ಟ್ರಿಪ್ಪಿಗೊಂದು ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಹಾಕಬಹುದು. ಜಗಲಿಗೆ ಅದೆಲ್ಲ ಸುಮ್ನೆ ಖರ್ಚು. ಆ ದುಡ್ಡಲ್ಲಿ ಸಿಲಿಕೋನ್ ಹೊದಿಕೆಯ ಸ್ಟ್ರಿಪ್ ತಗೊಳ್ಳಿ. ಬೆಸುಗೆ ಹಾಕಿದ ಜಾಗಕ್ಕೂ ಸಿಲಿಕೋನ್ ಬಳಿಯಿರಿ, ಇಲ್ಲದಿದ್ದರೆ ನಮ್ಮ ಮಳೆಯ ತೇವಕ್ಕೆ ಕಿಲುಬು ಹಿಡಿಯುತ್ತದೆ.