ಬಲ್ಬ್ ಬದಲಿಸಲೂ ಫಾರ್ಮ್ ಕೇಳುವ ಮ್ಯಾನೇಜರ್ ಸಿಕ್ಕಿದರೆ ಒಳ್ಳೆಯದೋ ಕೆಟ್ಟದೋ?

ಬೈಕಂಪಾಡಿಯ ನಿಮ್ಮ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದಿದ್ದಾರೆ, ಒಂದು ಬಲ್ಬ್ ಬದಲಿಸಲೂ ಫಾರ್ಮ್, ಅದಕ್ಕೆ ಮೂರು ಸಹಿ, ಇಂಥವರ ಕೈಕೆಳಗೆ ಕೆಲಸ ಮಾಡಿದರೆ ಲಾಭವೋ ನಷ್ಟವೋ ಎಂದು ಕೇಳಿದ್ದೀರಿ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವ, ಹೆಚ್ಚಿನದೆಲ್ಲ ಉಡುಪಿ ಕಡೆಯ ಶಾಖೆಗಳಲ್ಲಿ. ಸಹಿ ಹಾಕಿ ಹಾಕಿಸಿಯೇ ಸವೆದವ. ಹಾಗಾಗಿ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೀತು.

ಬ್ಯಾಂಕಿನ ಹಣ ಇಡುವ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ್ ಬಳಿ, ಇನ್ನೊಂದು ಹೆಡ್ ಕ್ಯಾಶಿಯರ್ ಬಳಿ. ಒಬ್ಬರಿಂದಲೇ ತೆರೆಯಲು ಆಗುವುದಿಲ್ಲ. ಒಮ್ಮೆ ನಮ್ಮ ಮ್ಯಾನೇಜರಿಗೆ ಕಾರ್ಕಳದಲ್ಲಿ ಒಂದು ಮದುವೆಗೆ ಹೋಗಲಿತ್ತು. ಹೊರಡುವ ಅವಸರದಲ್ಲಿ ತಮ್ಮ ಬೀಗದ ಕೈಯನ್ನೂ ಹೆಡ್ ಕ್ಯಾಶಿಯರ್ ಮೇಜಿನ ಮೇಲಿಟ್ಟು, "ಸಂಜೆ ನೀವೇ ಮುಚ್ಚಿಬಿಡಿ ಮಾರಾಯ್ರೆ" ಎಂದರು. ಆಕೆ ಮುಟ್ಟಲಿಲ್ಲ. "ರಿಜಿಸ್ಟರಿನಲ್ಲಿ ಬರೆದು ಇನ್ನೊಬ್ಬ ಆಫೀಸರಿಗೆ ಕೊಟ್ಟು ಹೋಗಿ ಸರ್." ಮ್ಯಾನೇಜರ್ ಮುಖ ದಪ್ಪ ಮಾಡಿಕೊಂಡೇ ಬರೆದರು. ಆಕೆಗೇನೂ ಅವರ ಮೇಲೆ ಸಂಶಯವಿರಲಿಲ್ಲ. ನಾಳೆ ಒಂದು ಕಟ್ಟು ಕಡಿಮೆ ಬಿದ್ದರೆ ತನ್ನೊಬ್ಬಳ ತಲೆಗೇ ಬರುತ್ತದೆಂದು ಗೊತ್ತಿತ್ತು, ಅಷ್ಟೆ. ಆ ರಿಜಿಸ್ಟರ್ ಇಲ್ಲದಿದ್ದರೆ ಮೇಲಿನವರಿಗೆ "ಆಗುವುದಿಲ್ಲ" ಎನ್ನಲು ಆಕೆಗೆ ಬಾಯಿ ಬರುತ್ತಿತ್ತೇ?

ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ, ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯಲ್ಲಿ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿತು. ಕೂತವರು ಎದ್ದು ಹೋದ ಮೇಲೆಯೇ ಎಷ್ಟೋ ಕಡತ ಬಾಯಿ ಬಿಡುವುದು. ನಿಯಮ, ಕಡತಗಳ ಮೇಲೆ ನಡೆಯುವ ಆಡಳಿತದ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬರೆದದ್ದರ ತಿರುಳೂ ಇದೇ: ಅಧಿಕಾರ ಕುರ್ಚಿಯದು, ಕೂತವನದಲ್ಲ. ಮುಖ ನೋಡಿ ಮಣೆ ಹಾಕುವುದು ಅಲ್ಲಿ ಕಡಿಮೆ.

ಇನ್ನು ಇನ್ನೊಂದು ಮುಖ. ಅದೇ ಶಾಖೆಗೆ ಹಂಚಿನ ಮಾಡು. ಜೂನ್ ಮೊದಲ ವಾರ ರೆಕಾರ್ಡ್ ರೂಮಿನ ಮೇಲೆ ಎರಡು ಹಂಚು ಒಡೆಯಿತು. ಒಬ್ಬ ಆಳಿಗೆ ಅರ್ಧ ಗಂಟೆಯ ಕೆಲಸ. ಆದರೆ ಕಟ್ಟಡ ರಿಪೇರಿಗೆ ಮೂರು ಕೊಟೇಶನ್ ತೆಗೆದು ಮೇಲಿನ ಆಫೀಸಿಗೆ ಕಳಿಸಬೇಕು. ಆ ಮಳೆಯಲ್ಲಿ ಎರಡು ಹಂಚಿಗೆ ಕೊಟೇಶನ್ ಕೊಡಲು ಯಾರು ಬರುತ್ತಾರೆ? ಕೊನೆಗೆ ಒಬ್ಬನೇ ಮೇಸ್ತ್ರಿ ಮೂರು ಲೆಟರ್‌ಹೆಡ್ ತಂದ. (ಫೈಲ್ ಮಾತ್ರ ಬಹಳ ಲಕ್ಷಣವಾಗಿತ್ತು.) ಅಷ್ಟಮಿ ಕಳೆಯಿತು, ಚೌತಿ ಕಳೆಯಿತು, ನಾವು ಬಕೆಟ್ ಇಟ್ಟು ಟಾರ್ಪಾಲು ಹೊದೆಸಿ ಕೂತೆವು. ದೀಪಾವಳಿ ದಾಟಿದ ಮೇಲೆ ಉತ್ತರ ಬಂತು: "ಸೋರಿಕೆ ಈಗಲೂ ಇದೆಯೇ, ದೃಢೀಕರಿಸಿ." ಮಳೆ ನಿಂತಿತ್ತು, ಸೋರುವುದೆಲ್ಲಿಂದ? ಇಲ್ಲವೆಂದೇ ಬರೆದೆವು. ಫೈಲ್ ಮುಚ್ಚಿತು.

ಮ್ಯಾನೇಜರ್ ತಾವೇ ಹಂಚು ಹಾಕಿಸಿ ಬಿಲ್ ಇಟ್ಟಿದ್ದರೆ ಇನ್‌ಸ್ಪೆಕ್ಷನ್‌ನವರು ಕೇಳುತ್ತಿದ್ದರು. ಹಾಕಿಸದೆ ದಾಖಲೆ ಒದ್ದೆಯಾದದ್ದಕ್ಕೆ ಯಾರೂ ಕೇಳಲಿಲ್ಲ. ಮಾಡಿದವನಿಗೆ ಮೆಮೊ, ಮಾಡದವನು ಕ್ಷೇಮ. ಈ ವ್ಯವಸ್ಥೆಯ ದೊಡ್ಡ ಕೆಡುಕು ನನಗೆ ಕಂಡಂತೆ ಇದೇ. ಚುರುಕಾದ ಹುಡುಗರೂ ನಾಲ್ಕು ವರ್ಷದಲ್ಲಿ "ಮೇಲಿಂದ ಬರಲಿ" ಎನ್ನಲು ಕಲಿಯುತ್ತಾರೆ. ನಾನೂ ಕಲಿತಿದ್ದೆ.

ನಿಯಮ ಪಾಲಿಸುವವರನ್ನೂ ತಾನು ಹೇಳಿದ್ದೇ ನಿಯಮ ಎನ್ನುವವರನ್ನೂ ಮಾತ್ರ ಒಂದೇ ಚೀಲಕ್ಕೆ ಹಾಕಬೇಡಿ. 2010ರ ಮೇ 22ರ ಮಂಗಳೂರಿನ ಬಜ್ಪೆ ವಿಮಾನ ದುರಂತದಲ್ಲಿ 158 ಜನ ತೀರಿಕೊಂಡರು. ಇಳಿಯುವುದು ಬಿಟ್ಟು ಮತ್ತೆ ಮೇಲೇರಿ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು, ಕ್ಯಾಪ್ಟನ್ ಕೇಳಲಿಲ್ಲ ಎಂದು ತನಿಖಾ ವರದಿ ಹೇಳಿತು. ನಿಯಮ ಕಿರಿಯರ ಪರವಾಗಿತ್ತು, ನಡೆದದ್ದು ಹಿರಿಯರ ಮಾತು.

ನಿಮ್ಮ ಮ್ಯಾನೇಜರ್ ತಮ್ಮ ಕ್ಯಾಬಿನ್ನಿನ ಎಸಿ ರಿಪೇರಿಗೂ ಅದೇ ಫಾರ್ಮ್ ತುಂಬಿಸುತ್ತಾರೋ ನೋಡಿ. ತುಂಬಿಸಿದರೆ ಅವರ ಜೊತೆ ಬಾಳಬಹುದು. ಟ್ಯಾಂಕಿನೊಳಗೆ ಇಳಿಯುವುದಕ್ಕೆ, ಎತ್ತರಕ್ಕೆ ಏಣಿ ಹತ್ತುವುದಕ್ಕೆ ಅವರು ಪರ್ಮಿಟ್ ಕೇಳಿದರೆ ಗೊಣಗಬೇಡಿ, ಅದು ನಿಮ್ಮ ಜೀವಕ್ಕೇ. ಉಳಿದ ಚಿಲ್ಲರೆ ಖರ್ಚಿಗೆ, ಇಂತಿಷ್ಟು ರೂಪಾಯಿವರೆಗೆ ಸೂಪರ್‌ವೈಸರೇ ಮಾಡಿಸಿ ಆಮೇಲೆ ಬಿಲ್ ಇಡಬಹುದು ಎಂಬ ಆದೇಶ ಹೊರಡಿಸಲು ಕೇಳಿ. ಬಾಯಿಮಾತಿನಲ್ಲಿ ಕೇಳಬೇಡಿ ಮಾರಾಯ್ರೆ, ಅರ್ಜಿ ಬರೆದು ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.