ಹಳೇ ಪೆಟ್ರೋಲ್ ಲಾರಿ: ಕಾರ್ಬೇಟರ್ ಬಿಚ್ಚೋ ಮೊದಲು ಮ್ಯಾನಿಫೋಲ್ಡ್ ನೋಡಿ

ಪ್ರಶ್ನೆ: ನಮ್ಮ ಬೇಳೆ ಮಿಲ್ಲಿನಾಗ ಶೆವ್ರೊಲೆ 235 ಇಂಜಿನ್ನಿನ ಹಳೇ ಲಾರಿ ಅದರಿ. ಕಾರ್ಬೇಟರಿನಿಂದ ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಒಯ್ಯೋ ಇಂಟೇಕ್ ಮ್ಯಾನಿಫೋಲ್ಡ್ ಸೀಳಿತ್ತಂತ ಬೇರೆ ಗಾಡೀದು ತಂದು ಕೂಡಿಸ್ಯಾರ, ಕಾರ್ಬೇಟರೂ ಬೇರೇದು. ಈಗ ಸ್ಲೋದಾಗ ನಿಲ್ಲಂಗಿಲ್ಲ, ಚೋಕ್ ಅರ್ಧ ಎಳದ್ರ ಓಡ್ತದ. ಮಿಸ್ತ್ರಿ ಮತ್ತೊಂದು ಕಾರ್ಬೇಟರ್ ತರ್ರಿ ಅಂತಾನ. ತರಬೇಕೇನ್ರಿ?
– ಓದುಗರು, ಕಲಬುರಗಿ

ಉತ್ತರ: ಸದ್ಯ ತರಬೇಡಿ. ಚೋಕ್ ಎಳೆದಾಗ ಸುಧಾರಿಸುತ್ತದೆ ಅಂದರೆ ಇಂಜಿನ್ನಿಗೆ ಪೆಟ್ರೋಲಿಗಿಂತ ಗಾಳಿ ಹೆಚ್ಚು ಸಿಗುತ್ತಿದೆ. ಸ್ಲೋದಲ್ಲಿ ಪೆಟ್ರೋಲ್ ಕೊಡುವ ಕಾರ್ಬೇಟರಿನ ಐಡಲ್ ದಾರಿ ಕಟ್ಟಿದ್ದರೂ ಹೀಗಾಗುತ್ತದೆ, ನಿಜ. ಆದರೆ ಮ್ಯಾನಿಫೋಲ್ಡ್ ಬದಲಿಸಿದ ಮೇಲೆ ಶುರುವಾದ ರೋಗವಾದ್ದರಿಂದ ಅನುಮಾನ ಮೊದಲು ಜೋಡಣೆ ಮೇಲೆ.

ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಡಿ. ಈ ಇಂಜಿನ್ನಿನ ಹೆಡ್‌ನಲ್ಲಿ ಆರು ಸಿಲಿಂಡರಿಗೆ ಮೂರೇ ಇಂಟೇಕ್ ಬಾಯಿ, ಒಂದೊಂದು ಎರಡೆರಡು ಸಿಲಿಂಡರಿಗೆ. 1 ಮತ್ತು 2ನೇ ಪ್ಲಗ್ ಮಾತ್ರ ಬೆಳ್ಳಗಿದ್ದರೆ ಮುಂದಿನ ಬಾಯಿ ಗಾಳಿ ಎಳೆಯುತ್ತಿದೆ. 5 ಮತ್ತು 6 ಆದರೆ ಹಿಂದಿನದು. ಆರೂ ಬೆಳ್ಳಗಿದ್ದರೆ ಕಾರ್ಬೇಟರಿನ ಬುಡದ ಪ್ಯಾಕಿಂಗ್ ಇಲ್ಲವೇ ವ್ಯಾಕ್ಯೂಮ್‌ನಿಂದ ಓಡುವ ವೈಪರಿನ ಪೈಪು ಸೋರುತ್ತಿರಬೇಕು, ಅಥವಾ ಪೆಟ್ರೋಲ್ ಅಳೆದು ಬಿಡುವ ಜೆಟ್ಟೇ ಸಣ್ಣದಿರಬೇಕು.

ವ್ಯಾಕ್ಯೂಮ್ ಗೇಜ್ ಸಿಕ್ಕರೆ ಇನ್ನೂ ಸಲೀಸು. ಪುಸ್ತಕದಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕ) ಎಂದಿರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುವುದರಿಂದ ಕಲಬುರಗಿಯಲ್ಲಿ 16ರಿಂದ 19ರ ನಡುವೆ ಮುಳ್ಳು ಅಲುಗಾಡದೆ ನಿಂತರೆ ಸರಿ. 12–13ಕ್ಕೆ ಕುಸಿದಿದ್ದರೆ ಗಾಳಿ ಸೋರಿಕೆ, ಇಲ್ಲವೇ ಪ್ಲಗ್ ಕಿಡಿಯ ಟೈಮಿಂಗ್ ಹಿಂದಿದೆ.

ಸೋರುವ ಜಾಗ ಹಿಡಿಯಲು ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ, ಕೆಲವರು ಊದುಬತ್ತಿ ಹಿಡಿಯುತ್ತಾರೆ. ಎರಡೂ ಬೇಡ. ಈ ಇಂಜಿನ್ನಿನಲ್ಲಿ ಇಂಟೇಕ್ ಮತ್ತು ಎಕ್ಸಾಸ್ಟ್ ಒಂದೇ ಮಗ್ಗುಲಲ್ಲಿವೆ, ಕೆಳಗೆ ಕೆಂಡದಂಥ ಕಬ್ಬಿಣ. ಇಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ಬ್ರಷ್‌ನಿಂದ ಜೋಡಣೆಯ ಗೆರೆಗೆ ಗಟ್ಟಿ ಇಂಜಿನ್ ಆಯಿಲ್ ಬಳಿಯಿರಿ. ಸೋರುವಲ್ಲಿ ಎಣ್ಣೆ ಒಳಗೆ ಎಳೆದುಕೊಳ್ಳುತ್ತದೆ, ಆ ಕ್ಷಣ ಇಂಜಿನ್ ಸದ್ದು ಬದಲಾಗುತ್ತದೆ.

ಇನ್ನು ಕೂರಿಸುವ ಕೆಲಸ. ಬೇರೆ ಗಾಡಿಯ ಇಂಟೇಕ್ ತಂದಾಗ ಹೆಚ್ಚಾಗಿ ಎಡವುವುದು ಕಿವಿಗಳ (ಹೆಡ್‌ಗೆ ಒತ್ತಿ ಹಿಡಿಯಲು ಚಾಚಿರುವ ಅಂಚು) ದಪ್ಪದಲ್ಲಿ. ಇಂಟೇಕಿನ ಕಿವಿ, ಎಕ್ಸಾಸ್ಟಿನ ಕಿವಿ ಎರಡನ್ನೂ ಒಂದೇ ಕ್ಲಾಂಪ್ ಒತ್ತಿ ಹಿಡಿಯುತ್ತದೆ. ಒಂದು ತೆಳ್ಳಗಿದ್ದರೆ ಕ್ಲಾಂಪ್ ವಾರೆಯಾಗಿ ದಪ್ಪ ಇರುವುದನ್ನಷ್ಟೇ ಒತ್ತುತ್ತದೆ. ನಟ್ ಎಷ್ಟು ಬಿಗಿದರೂ ತೆಳ್ಳಗಿನದು ಸಡಿಲ. ವರ್ನಿಯರ್ ಹಿಡಿದು ನೋಡಿ. ಕಾಲು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದಪ್ಪ ಕಿವಿಯನ್ನು ಮಿಲ್ಲಿಂಗ್‌ನಲ್ಲಿ ಇಳಿಸಬೇಕು.

ಆಮೇಲೆ ಹೆಡ್‌ಗೆ ತಾಗುವ ಮುಖ. ಇಂಟೇಕ್ ಮತ್ತು ಎಕ್ಸಾಸ್ಟ್ ಎರಡನ್ನೂ ಬೋಲ್ಟ್ ಹಾಕಿ ಜೋಡಿಸಿಯೇ ಪರೀಕ್ಷಿಸಿ. ಶಹಾಬಾದ್ ಫರಸಿ ಮೇಲೆ ಇಟ್ಟು ನೋಡುವ ಅಭ್ಯಾಸ ನಮ್ಮ ಕಡೆ ಉಂಟು. ಫರಸಿ ಕಣ್ಣಿಗೆ ಸಮ, ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಫೀಲರ್ ಗೇಜಿಗೆ ಅಲ್ಲ. ನೇರ ಉಕ್ಕಿನ ಪಟ್ಟಿ ಇಟ್ಟು ಅದರ ಕೆಳಗೆ ಗೇಜಿನ ಎಲೆ ತೂರಿಸಿ. 0.25 ಮಿ.ಮೀ. ಎಲೆ ಹೋದರೆ ಎರಡನ್ನೂ ಜೋಡಿಸಿದ ಹಾಗೇ ಮುಖ ಹೊಡೆಸಬೇಕು (ಯಂತ್ರದಲ್ಲಿ ಸಮ ಮಾಡಿಸಬೇಕು). ಬಿಡಿಬಿಡಿಯಾಗಿ ಹೊಡೆಸಿದರೆ ಖರ್ಚು ಮಾಡಿ ಅದೇ ಸೋರಿಕೆ ಕೊಂಡಂತೆ.

ಇಂಟೇಕ್ ಬಾಯಿಗಳಲ್ಲಿ ಸಣ್ಣ ಉಕ್ಕಿನ ಉಂಗುರಗಳಿರುತ್ತವೆ, ಮ್ಯಾನಿಫೋಲ್ಡ್ ಸರಿದಾಡದಂತೆ. ಅವು ತುಸು ಉದ್ದವಿದ್ದರೆ ಪ್ಯಾಕಿಂಗ್ ಒತ್ತುವ ಮೊದಲೇ ತಳ ಮುಟ್ಟುತ್ತವೆ. ಪ್ಯಾಕಿಂಗ್ ಇಲ್ಲದೆ ಕೈಯಲ್ಲೇ ಒತ್ತಿ ನೋಡಿ. ಮುಖ ಮುಖಕ್ಕೆ ಕೂಡದಿದ್ದರೆ ಉಂಗುರ ಉಜ್ಜಿ ಗಿಡ್ಡ ಮಾಡಿ.

ಬಿಗಿಯುವ ಕ್ರಮ ಹೀಗಿದೆ. ಇಂಟೇಕ್ ಮತ್ತು ಎಕ್ಸಾಸ್ಟ್ ನಡುವಿನ ಬೋಲ್ಟ್‌ಗಳು ಮೊದಲು ಕೈಬಿಗಿ ಮಾತ್ರ. ಎರಡನ್ನೂ ಹೆಡ್‌ಗೆ ಕೂರಿಸಿ, ನಡುವಿನಿಂದ ಹೊರಗೆ ಸಾಗುತ್ತ ಮೂರು ಸುತ್ತಿನಲ್ಲಿ ಬಿಗಿಯಿರಿ: ನಡುವಿನವು 25–30 ಪೌಂಡ್-ಅಡಿ, ಅಂದರೆ 34–41 ನ್ಯೂಟನ್ ಮೀಟರ್, ಎರಡೂ ತುದಿಯವು 15–20, ಅಂದರೆ 20–27. ಕೊನೆಗೆ ಆ ಕೈಬಿಗಿ ಬೋಲ್ಟ್‌ಗಳು. ತುದಿಗೆ ಕಡಿಮೆ ಯಾಕೆ? ಎರಡು ಅಡಿ ಉದ್ದದ ಬೀಡು ಕಬ್ಬಿಣ 400 ಡಿಗ್ರಿ ಬಿಸಿ ಏರಿದರೆ ಸುಮಾರು ಎರಡೂವರೆ ಮಿಲಿಮೀಟರ್ ಬೆಳೆಯುತ್ತದೆ. ತುದಿ ಜಾರಲು ಬಿಡದಿದ್ದರೆ ಎಕ್ಸಾಸ್ಟ್ ಸೀಳುತ್ತದೆ, ಅದೂ ಸಾಮಾನ್ಯವಾಗಿ ಕಿವಿಯ ಬುಡದಲ್ಲೇ. ಉದ್ದ ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆಯುವವರ ಕೈಗೆ ಈ ಕೆಲಸ ಕೊಡಬೇಡಿ. ಇಂಜಿನ್ ಒಮ್ಮೆ ಪೂರಾ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಅದೇ ಲೆಕ್ಕಕ್ಕೆ ಬಿಗಿಯಿರಿ.

ತಂದ ಮ್ಯಾನಿಫೋಲ್ಡನ್ನು ಹೊಂದಿಸುವ ಮೊದಲು ಒಳಗೆ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಬಿಡಿ. ಕಾರ್ಬೇಟರಿನ ಕೆಳಗೆ, ಎಕ್ಸಾಸ್ಟ್ ಬಿಸಿ ತಾಗುವ ತಳದಲ್ಲಿ ಕೂದಲೆಳೆಯಂಥ ಸೀಳಿದ್ದರೆ ಅಡಿಯಲ್ಲಿ ಒದ್ದೆ ಕಾಣುತ್ತದೆ. ಅಂಥದ್ದನ್ನು ವಾಪಸ್ ಕೊಡಿ.

ಪ್ರಶ್ನೆ: ಇದೇ ಇಂಜಿನ್ನಿಗೆ ದೊಡ್ಡ ಕಾರ್ಬೇಟರ್ ಹಾಕಿದ್ರ ಏರಿನಾಗ ಜೋರ್ ಬರ್ತದೇನ್ರಿ?
– ಓದುಗರು, ಬೀದರ್

ಉತ್ತರ: ಬರುವುದಿಲ್ಲ. 3.85 ಲೀಟರ್ ಇಂಜಿನ್ 3000 ಸುತ್ತಿನಲ್ಲಿ ಪೂರಾ ತುಂಬಿದರೂ ನಿಮಿಷಕ್ಕೆ ಎಳೆಯುವುದು 5800 ಲೀಟರ್ ಗಾಳಿ, ಅಂದರೆ 200 ಘನ ಅಡಿಯ ಆಸುಪಾಸು. ಲೋಡು ಲಾರಿ ಏರು ಹತ್ತುವುದು ಅದಕ್ಕಿಂತ ಎಷ್ಟೋ ಕಡಿಮೆ ಸುತ್ತಿನಲ್ಲಿ. ಬಾಯಿ ದೊಡ್ಡದಾದರೆ ಗಾಳಿಯ ವೇಗ ಇಳಿದು ಪೆಟ್ರೋಲ್ ಸರಿಯಾಗಿ ಒಡೆಯದೆ ಹನಿಹನಿಯಾಗಿ ಹೋಗುತ್ತದೆ. ನಿಮಗೆ ಬೇಕಾದ ಜಾಗದಲ್ಲೇ ಪಿಕಪ್ ಸಾಯುತ್ತದೆ. ಬೇರೆ ಕಾರ್ಬೇಟರ್ ಹಾಕಲೇಬೇಕಾದರೆ ಸ್ಟಡ್ ನಡುವಿನ ಅಂತರ, ಬಾಯಿಯ ವ್ಯಾಸ ಅಳೆದು ತನ್ನಿ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪಿಗೆ ಅದರಲ್ಲಿ ತೂತಿದೆಯೇ ನೋಡಿ, ಅದೂ ಥ್ರಾಟಲ್ ತಟ್ಟೆಯ ಮೇಲ್ಭಾಗದಲ್ಲಿ. ಪೆಡಲ್ ಪೂರಾ ಒತ್ತಿದಾಗ ತಟ್ಟೆ ಪೂರಾ ತೆರೆಯಬೇಕು, ಬಿಟ್ಟಾಗ ಎಲ್ಲೂ ಸಿಕ್ಕದೆ ಮುಚ್ಚಬೇಕು. ರಿಟರ್ನ್ ಸ್ಪ್ರಿಂಗ್ ಎರಡು ಇರಲಿ.

ಪ್ರಶ್ನೆ: ಬ್ಯಾಸಗಿ ಮಧ್ಯಾಹ್ನ ಗಾಡಿ ಹತ್ತು ನಿಮಿಷ ನಿಲ್ಲಿಸಿದ್ರ ಮತ್ತ ಚಾಲೂ ಆಗಂಗಿಲ್ರಿ. ಸಂಜಿಗೆ ತಾನೇ ಸರಿ ಹೋಗ್ತದ.
– ಓದುಗರು, ಯಾದಗಿರಿ

ಉತ್ತರ: ಇಂಜಿನ್ನಿನ ಬಿಸಿಗೆ ಕಾರ್ಬೇಟರಿನ ಬಟ್ಟಲಲ್ಲಿ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಉಕ್ಕುತ್ತಿದೆ. ಇಂಜಿನ್ ತಣ್ಣಗಿರುವಾಗ ಇಂಟೇಕಿನ ತಳಕ್ಕೆ ಬಿಸಿ ಹಾಯಿಸಲು ಎಕ್ಸಾಸ್ಟಿನಲ್ಲಿರುವ ಹೀಟ್ ಕಂಟ್ರೋಲ್ ಕವಾಟದ ದಂಡ ಕೈಯಿಂದ ತಿರುಗುತ್ತದೆಯೇ ನೋಡಿ. ಹಳೇ ಗಾಡಿಗಳಲ್ಲಿ ಅದು ಬಿಸಿ ಕಡೆಗೇ ತುಕ್ಕು ಹಿಡಿದು ಕೂತಿರುತ್ತದೆ. ತಣ್ಣಗಿರುವಾಗ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಹಿಂದೆ ಮುಂದೆ ಮೆಲ್ಲಗೆ ತಟ್ಟಿ ಸಡಿಲಿಸಿ. ಕಾರ್ಬೇಟರಿನ ಬುಡಕ್ಕೆ ಬಿಸಿ ತಡೆಯುವ 6–8 ಮಿ.ಮೀ. ದಪ್ಪದ ಬೇಕಲೈಟ್ ತುಂಡು ಹಾಕಿ. ಮೊದಲು ಸ್ಟಡ್ ಉದ್ದ, ಆಮೇಲೆ ಬಾನೆಟ್ ಎತ್ತರ ನೋಡಿಕೊಳ್ಳಿ. ಪೆಟ್ರೋಲ್ ಪೈಪು ಎಕ್ಸಾಸ್ಟಿನಿಂದ ಎರಡು ಇಂಚಾದರೂ ದೂರವಿರಲಿ. ಈಗಿನ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲಿನಲ್ಲಿ ಹಳೇ ರಬ್ಬರ್ ಪೈಪು ಉಬ್ಬಿ ಸೀಳುತ್ತದೆ, ಎಥೆನಾಲ್ ತಡೆಯುವ ಪೈಪನ್ನೇ ಹಾಕಿಸಿ. ಇ20ಗೆ ಗಾಳಿಯ ಪಾಲು ಕಡಿಮೆ ಸಾಕಾಗುವುದರಿಂದ ಮೇನ್ ಜೆಟ್ ತುಸು ದೊಡ್ಡದಿರಬೇಕು: 1.50 ಮಿ.ಮೀ. ಇದ್ದದ್ದನ್ನು 1.55 ಮಾಡಿದರೆ ತೂತಿನ ವಿಸ್ತೀರ್ಣ ಶೇ. 7ರಷ್ಟು ಹೆಚ್ಚುತ್ತದೆ, ಅಷ್ಟು ಸಾಕು.

ದಾರಿಯಲ್ಲಿ ಸಿಕ್ಕಿಬಿದ್ದರೆ ಚೋಕ್ ಮುಟ್ಟಬೇಡಿ, ಪೆಡಲ್ ತುಳಿದು ತುಳಿದು ಬಿಡಬೇಡಿ. ಒಮ್ಮೆ ಪೂರಾ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಉಕ್ಕಿದ ಪೆಟ್ರೋಲ್ ಹೊರಹೋಗಿ ಇಂಜಿನ್ ಹಿಡಿಯುತ್ತದೆ.